ಮತಕ್ಕೆ ಬಾರದ ಮಸೂದೆಗಳು



ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಂದು ಅವಧಿ ಎರಡು ವರ್ಷ. 2023ರ ಜನವರಿಯಿಂದ 2025ರ ಜನವರಿಯವರೆಗೆ ನಡೆದ 118ನೇ ಕಾಂಗ್ರೆಸ್ಸಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಸೂದೆಗಳು ಮಂಡನೆಯಾದವು, ಕಾಯ್ದೆಯಾದವು 274. 1948ರ ಚುನಾವಣೆಯಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಊರೂರಿಗೆ ಹೋಗಿ ‘ಏನೂ ಮಾಡದ ಕಾಂಗ್ರೆಸ್’ ಎಂದು ಹಳಿದದ್ದು 80ನೇ ಕಾಂಗ್ರೆಸ್ಸನ್ನು. ಆ ಸಭೆ ಮಾಡಿದ್ದ ಕಾಯ್ದೆಗಳು 906.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ಇಂದಿನ ಸಂಸತ್ತು ಕೈಕಟ್ಟಿ ಕೂತಿದೆ ಎಂಬ ತೀರ್ಮಾನ ಹುಟ್ಟುತ್ತದೆ. ಅದು ಅವಸರದ ತೀರ್ಮಾನ. ಒಂದು ಅಂಚೆ ಕಚೇರಿಗೆ ಮಡಿದ ಯೋಧನೊಬ್ಬನ ಹೆಸರಿಡುವುದೂ ಅಲ್ಲಿ ಒಂದು ಕಾಯ್ದೆ. 2020ರ ಡಿಸೆಂಬರಿನಲ್ಲಿ ಸರ್ಕಾರದ ಇಡೀ ವರ್ಷದ ಖರ್ಚು, ಕೋವಿಡ್ ಪರಿಹಾರ, ಜೊತೆಗೆ ಸಂಬಂಧವೇ ಇಲ್ಲದ ಹತ್ತಾರು ವಿಷಯಗಳನ್ನು ಒಟ್ಟುಗೂಡಿಸಿ ತಂದ 5,593 ಪುಟಗಳ ಮಸೂದೆಯೂ ಲೆಕ್ಕದಲ್ಲಿ ಒಂದೇ ಕಾಯ್ದೆ. ಹಿಂದೆ ಬಿಡಿಬಿಡಿಯಾಗಿ ಬರುತ್ತಿದ್ದುದು ಈಗ ಮೂಟೆಯಾಗಿ ಬರುತ್ತದೆ. ಕಾಯ್ದೆಗಳ ಎಣಿಕೆ ಇಳಿದಿರುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಎಣಿಕೆಯನ್ನು ಬದಿಗಿಟ್ಟು ಒಂದೇ ಒಂದು ಪ್ರಶ್ನೆಯ ಹಣೆಬರಹವನ್ನು ಹಿಂಬಾಲಿಸುವುದು ಮೇಲು. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡ ಕುಟುಂಬಗಳು ಅಂಥ ಪ್ರಶ್ನೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಫ್ರೀಮಾಂಟ್, ಸನ್ನಿವೇಲ್, ಕ್ಯೂಪರ್ಟಿನೊ, ಮಿಲ್ಪಿಟಾಸ್, ಸ್ಯಾನ್ ಹೋಸೆ, ಎಲ್ಲೇ ನಾಲ್ಕು ಜನ ಕನ್ನಡಿಗರು ಸೇರಲಿ, ಮಾತು ಸುತ್ತಿ ಬಳಸಿ ಗ್ರೀನ್ ಕಾರ್ಡ್ ಸಾಲಿನಲ್ಲಿ ತಮ್ಮ ಜಾಗವನ್ನು ಗೊತ್ತುಮಾಡುವ ಪ್ರಯಾರಿಟಿ ಡೇಟಿಗೆ ಬಂದು ನಿಲ್ಲುತ್ತದೆ.

ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಎಂದು ಗೊತ್ತುಮಾಡಿದ್ದು 1990ರ ವಲಸೆ ಕಾಯ್ದೆ. ಅರ್ಜಿದಾರರ ಗಂಡ, ಹೆಂಡತಿ, ಮಕ್ಕಳೂ ಇದೇ ಲೆಕ್ಕದೊಳಗೆ ಬರುತ್ತಾರೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಒಟ್ಟಿನ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲಬಾರದು ಎಂಬ ಮಿತಿಯೂ ಅದರದೇ. 140 ಕೋಟಿ ಜನರ ಭಾರತಕ್ಕೂ ನಾಲ್ಕು ಲಕ್ಷದಷ್ಟೂ ಜನರಿಲ್ಲದ ಐಸ್‌ಲ್ಯಾಂಡಿಗೂ ಒಂದೇ ಮಿತಿ. ಬೇರೆ ದೇಶದವರು ಬಳಸದೆ ಬಿಟ್ಟದ್ದು ಮಾತ್ರ ಮೇಲೆ ಸಿಗಬಹುದು. 1990ರಲ್ಲಿ ಇನ್ಫೋಸಿಸ್ ಒಂಬತ್ತು ವರ್ಷದ ಸಣ್ಣ ಕಂಪನಿ. ಬೆಂಗಳೂರಿನಿಂದ ಸಾಂತಾ ಕ್ಲಾರಾ ಕಣಿವೆಗೆ ಎಂಜಿನಿಯರುಗಳ ಹೊಳೆ ಹರಿಯುತ್ತದೆಂದು ಆ ಕಾಯ್ದೆ ಬರೆದವರು ಊಹಿಸಿರಲಿಲ್ಲ. 2025ರ ಕೊನೆಯ ವೀಸಾ ಬುಲೆಟಿನ್‌ಗಳಲ್ಲಿ ಉನ್ನತ ಪದವೀಧರರ ವರ್ಗವಾದ ಇಬಿ-2ರಲ್ಲಿ ಭಾರತದ ಸಾಲು 2013ರ ಅರ್ಜಿಗಳ ಹತ್ತಿರ ನಿಂತಿತ್ತು. ಸಾಲಿನಲ್ಲಿರುವ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು ಎಂಬುದು ವಲಸೆ ವಿಷಯದ ಸಂಶೋಧಕರ ಅಂದಾಜು. ಎರಡು ವರ್ಷದ ಮಗುವಾಗಿ ಇಲ್ಲಿಗೆ ಬಂದು, ಇಲ್ಲೇ ಶಾಲೆ ಓದಿ, 21 ತುಂಬಿದ ದಿನ ತಂದೆತಾಯಿಯ ಸಾಲಿನಿಂದ ಹೊರಬೀಳುವ ಮಕ್ಕಳೂ ಇದ್ದಾರೆ. ‘ಏಜ್ ಔಟ್’ ಎಂಬ ಮಾತು ಈ ಮನೆಗಳಲ್ಲಿ ಎಲ್ಲರಿಗೂ ಗೊತ್ತು.

ಇದನ್ನು ಸರಿಪಡಿಸಲು ಬೇಕಾದ ಬಹುಮತ ಎಂದೂ ಇರಲಿಲ್ಲವೆ? ಇತ್ತು. ಒಮ್ಮೆಯಲ್ಲ, ಹಲವು ಸಲ.

2011ರ ನವೆಂಬರ್ 29ರಂದು ದೇಶವಾರು ಮಿತಿಯನ್ನು ತೆಗೆಯುವ ಮಸೂದೆ ಪ್ರತಿನಿಧಿ ಸಭೆಯಲ್ಲಿ 389–15 ಮತಗಳಿಂದ ಅಂಗೀಕಾರವಾಯಿತು. ಸೆನೆಟ್‌ನಲ್ಲಿ ಅಯೋವಾದ ಚಕ್ ಗ್ರಾಸ್ಲಿ ಒಬ್ಬರೇ ತಡೆ ಹಾಕಿದರು. ಮರುವರ್ಷ ತಡೆ ಹಿಂದಕ್ಕೆ ಹೋದರೂ ಮಸೂದೆ ಮುಂದೆ ಸಾಗಲಿಲ್ಲ. 2013ರ ಜೂನ್ 27ರಂದು ಸೆನೆಟ್ 68–32 ಮತಗಳಿಂದ ಸಮಗ್ರ ವಲಸೆ ಮಸೂದೆಯನ್ನು ಅಂಗೀಕರಿಸಿತು. ಉದ್ಯೋಗ ವರ್ಗದ ದೇಶವಾರು ಮಿತಿಯನ್ನು ಅದೂ ತೆಗೆದುಹಾಕುತ್ತಿತ್ತು. ಈ ಸಲ ಸ್ಪೀಕರ್ ಜಾನ್ ಬೇನರ್ ಆ ಮಸೂದೆಯನ್ನು ಪ್ರತಿನಿಧಿ ಸಭೆಯ ಕಲಾಪಕ್ಕೇ ತರಲಿಲ್ಲ. 2019ರ ಜುಲೈ 10ರಂದು ಸ್ಯಾನ್ ಹೋಸೆಯ ಪ್ರತಿನಿಧಿ ಜೋ ಲಾಫ್ಗ್ರೆನ್ ಮಂಡಿಸಿದ ಮಸೂದೆಗೆ 365–65ರ ಗೆಲುವು. ಸೆನೆಟ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರು ತಡೆದರು. ನರ್ಸುಗಳಿಗೆ ಪ್ರತ್ಯೇಕ ಪಾಲು ಬೇಕೆಂದರು ಒಬ್ಬರು, ಬೇರೆ ದೇಶಗಳವರ ಕಾಯುವಿಕೆ ಬೆಳೆಯುತ್ತದೆಂದರು ಇನ್ನೊಬ್ಬರು. ಪ್ರತಿಯೊಬ್ಬರನ್ನೂ ಸಮಾಧಾನಪಡಿಸುತ್ತ ಒಂದೂವರೆ ವರ್ಷ ಕಳೆಯಿತು. 2020ರ ಡಿಸೆಂಬರ್ 2ರಂದು ಸೆನೆಟ್ ತನ್ನ ತಿದ್ದುಪಡಿಗಳೊಂದಿಗೆ ಸರ್ವಾನುಮತದಿಂದ ಒಪ್ಪಿತು. ಎರಡೂ ಸದನಗಳು ಒಂದೇ ಉದ್ದೇಶಕ್ಕೆ ಹೂಂ ಎಂದಿದ್ದವು. ಆದರೆ ಎರಡರ ಪಾಠ ಒಂದೇ ಆಗಿರಲಿಲ್ಲ, ಸೆನೆಟ್ ಸೇರಿಸಿದ ಷರತ್ತುಗಳು ಲಾಫ್ಗ್ರೆನ್ ಅವರಿಗೆ ಒಪ್ಪಿಗೆಯಾಗಲಿಲ್ಲ, ಹೊಂದಿಸಲು ಉಳಿದಿದ್ದುದು ನಾಲ್ಕೇ ವಾರ. 2021ರ ಜನವರಿ 3ರಂದು ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆಯೂ ಮುಗಿಯಿತು. 2022ರ ಡಿಸೆಂಬರಿನಲ್ಲಿ ಇದೇ ವಿಷಯದ ಈಗಲ್ ಆ್ಯಕ್ಟ್ ಮತಕ್ಕೆ ನಿಗದಿಯಾಗಿ, ಆಳುವ ಪಕ್ಷದೊಳಗಿನ ಆಕ್ಷೇಪಗಳಿಂದ ಕೊನೆಗಳಿಗೆಯಲ್ಲಿ ಹಿಂದಕ್ಕೆ ಸರಿಯಿತು.

ಈ ಮಸೂದೆಯ ವಿರೋಧಿಗಳಲ್ಲಿ ನ್ಯಾಯವೇ ಇಲ್ಲವೆಂದು ಈ ಉಪನ್ಯಾಸ ಹೇಳುವುದಿಲ್ಲ. ಒಟ್ಟು ಸಂಖ್ಯೆ ಹೆಚ್ಚಿಸದೆ ಮಿತಿ ಮಾತ್ರ ತೆಗೆದರೆ ಇರಾನಿನ ವೈದ್ಯರೂ ಫಿಲಿಪ್ಪೀನ್ಸಿನ ನರ್ಸುಗಳೂ ಹೆಚ್ಚು ಕಾಲ ಕಾಯಬೇಕಾಗುತ್ತದೆ ಎಂಬುದು ನಿಜ. ಆದರೆ ಆ ವಾದ ಸದನದಲ್ಲಿ ಗೆದ್ದು ಮಸೂದೆ ಸೋಲಲಿಲ್ಲ. ಅದು ಸೋಲಲೇ ಇಲ್ಲ, ಬಿದ್ದುಹೋಯಿತು, ಅಷ್ಟೆ. ಕಾಯ್ದೆ ಕಡಿಮೆಯಾಗುವುದನ್ನು ಅರ್ಥಮಾಡಿಕೊಳ್ಳಬೇಕಾದದ್ದು ಇಲ್ಲಿಂದ.

ಮೊದಲ ಕಾರಣ ಸಂವಿಧಾನದ ಕಟ್ಟಡದಲ್ಲೇ ಇದೆ. ಅವಸರದ ಬಹುಮತಕ್ಕೆ ಹೆದರಿದವರು ಬರೆದ ಸಂವಿಧಾನ ಅದು. ಎರಡು ಸದನಗಳೂ ಅಕ್ಷರಶಃ ಒಂದೇ ಪಾಠವನ್ನು ಒಪ್ಪಬೇಕು, ಅಧ್ಯಕ್ಷರು ಸಹಿ ಹಾಕಬೇಕು, ಅವರು ವೀಟೊ ಮಾಡಿ ತಿರಸ್ಕರಿಸಿದರೆ ಎರಡೂ ಕಡೆ ಮೂರನೇ ಎರಡರಷ್ಟು ಮತ ಬೇಕು. ಈ ಮೂವರನ್ನು ಆರಿಸುವ ಜನರೂ ಬೇರೆ, ಕಾಲವೂ ಬೇರೆ. ಸೆನೆಟ್‌ನ ಸ್ಥಾನ ಹಂಚಿಕೆ ಇನ್ನೊಂದು ತೊಡಕು. ಭಾರತದಲ್ಲಿ ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ 12 ಸ್ಥಾನ, ಉತ್ತರ ಪ್ರದೇಶಕ್ಕೆ 31, ಸಿಕ್ಕಿಮಿಗೆ 1. ಜನಸಂಖ್ಯೆಗೆ ಒಂದಷ್ಟಾದರೂ ಬೆಲೆ ಇದೆ. ಸೆನೆಟ್‌ನಲ್ಲಿ ಹಾಗಿಲ್ಲ. 2020ರ ಜನಗಣತಿಯಂತೆ ಬೇ ಏರಿಯಾದ ಒಂಬತ್ತು ಕೌಂಟಿಗಳಲ್ಲೇ 77 ಲಕ್ಷ ಜನರಿದ್ದಾರೆ, ಇಡೀ ಕ್ಯಾಲಿಫೋರ್ನಿಯಾದಲ್ಲಿ 3.95 ಕೋಟಿ, ಸೆನೆಟರುಗಳು ಇಬ್ಬರು. 5.77 ಲಕ್ಷ ಜನರ ವಯೋಮಿಂಗಿಗೂ ಇಬ್ಬರು.

ಎರಡನೆಯ ಕಾರಣ ಸಂವಿಧಾನದಲ್ಲಿ ಇಲ್ಲ, ಸೆನೆಟ್ ತಾನಾಗಿ ಬೆಳೆಸಿಕೊಂಡ ನಿಯಮದಲ್ಲಿದೆ. ಚರ್ಚೆ ಸಾಕು, ಮತಕ್ಕೆ ಹಾಕೋಣ ಎಂದು ಸರಳ ಬಹುಮತದಿಂದ ತೀರ್ಮಾನಿಸಲು ದಾರಿಯಾಗಬಹುದಾಗಿದ್ದ ನಿಯಮವೊಂದು ಆರಂಭದ ವರ್ಷಗಳಲ್ಲಿ ಇತ್ತು. 1806ರಲ್ಲಿ ನಿಯಮಾವಳಿಯನ್ನು ಚೊಕ್ಕಗೊಳಿಸುವಾಗ, ಬಳಕೆಯಲ್ಲಿಲ್ಲವೆಂದು ಅದನ್ನು ಕೈಬಿಡಲಾಯಿತು. ಆ ಬಾಗಿಲಿನಿಂದ ಒಳಬಂದದ್ದು, ಮಾತನ್ನು ಮುಗಿಸದೆ ಮತದಾನವನ್ನೇ ತಡೆಯುವ ಫಿಲಿಬಸ್ಟರ್. ಮಾತು ನಿಲ್ಲಿಸುವ ವಿಧಾನ ಮತ್ತೆ ಸಿಕ್ಕಿದ್ದು 1917ರಲ್ಲಿ, ಅದೂ ಮೂರನೇ ಎರಡರಷ್ಟು ಮತ ಇದ್ದರೆ. 1975ರಲ್ಲಿ ಅದು ನೂರರಲ್ಲಿ 60ಕ್ಕೆ ಇಳಿಯಿತು. ಕರಿಯರ ನಾಗರಿಕ ಹಕ್ಕುಗಳ ಮಸೂದೆಗಳನ್ನು ದಕ್ಷಿಣದ ಸೆನೆಟರುಗಳು ದಶಕಗಟ್ಟಲೆ ತಡೆದದ್ದು ಈ ಆಯುಧದಿಂದಲೇ. 1957ರಲ್ಲಿ ಸ್ಟ್ರಾಮ್ ಥರ್ಮಂಡ್ ಒಬ್ಬರೇ 24 ಗಂಟೆ 18 ನಿಮಿಷ ಮಾತನಾಡಿದರು. ಇಂದು ಅಷ್ಟು ಕಷ್ಟಪಡಬೇಕಾಗಿಲ್ಲ. 60 ಮತಗಳನ್ನು ಹೊಂದಿಸಿ ಚರ್ಚೆ ಮುಗಿಸಲು ದಿನಗಟ್ಟಲೆ ಹಿಡಿಯುವುದರಿಂದ ಸಣ್ಣಪುಟ್ಟ ಮಸೂದೆಗಳೆಲ್ಲ ಸರ್ವಾನುಮತದ ಹಾದಿಯಲ್ಲೇ ಸಾಗಬೇಕು. ಆ ಹಾದಿಯಲ್ಲಿ ಒಬ್ಬ ಸದಸ್ಯನ ಆಕ್ಷೇಪ ಸಾಕು. ಗ್ರೀನ್ ಕಾರ್ಡ್ ಮಸೂದೆಗೆ ಆದದ್ದು ಇದೇ.

ಈ ಬಿಗಿತವನ್ನು ಲೆಕ್ಕದ ಸ್ಪಷ್ಟತೆಯಲ್ಲಿ ವಿವರಿಸಿದ ವಿದ್ವಾಂಸರು ಇಲ್ಲೇ, ಸ್ಟ್ಯಾನ್‌ಫರ್ಡ್‌ನಲ್ಲೇ ಇದ್ದಾರೆ. ಕೀತ್ ಕ್ರೆಬೀಲ್ 1998ರಲ್ಲಿ ಪ್ರಕಟಿಸಿದ ಗ್ರಂಥದ ವಾದ ಇದು: ಸದಸ್ಯರನ್ನು ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿದರೆ, ಕಾಯ್ದೆಯ ಹಣೆಬರಹ ಬರೆಯುವವನು ನಡುವೆ ನಿಂತವನಲ್ಲ. ಚರ್ಚೆ ಮುಗಿಸಲು ಬೇಕಾದ ಅರವತ್ತನೆಯವನು ಒಂದು ಕಡೆ, ಅಧ್ಯಕ್ಷರ ವೀಟೊ ಉಳಿಸಬಲ್ಲವನು ಇನ್ನೊಂದು ಕಡೆ. ಈಗಿರುವ ನೀತಿ ಇವರಿಬ್ಬರ ನಡುವಿನ ಜಾಗದಲ್ಲಿ ಎಲ್ಲೇ ಇದ್ದರೂ ಅದನ್ನು ಕದಲಿಸಲಾಗದು. ಹೊಸ ಅಧ್ಯಕ್ಷರು ಬಂದರೂ, ಸದನ ಕೈಬದಲಾದರೂ ಹಳೆಯ ಕಾಯ್ದೆ ಅಲ್ಲೇ ಕೂತಿರುವುದು ಏಕೆಂಬುದಕ್ಕೆ ಇದಕ್ಕಿಂತ ನೇರ ಉತ್ತರ ಸಿಗುವುದು ಕಷ್ಟ.

ಮೂರನೆಯದು, ಕಲಾಪದ ಬೀಗದ ಕೈ ಯಾರ ಬಳಿ ಇದೆ ಎಂಬುದು. ಪ್ರತಿನಿಧಿ ಸಭೆಯಲ್ಲಿ ಫಿಲಿಬಸ್ಟರ್ ಇಲ್ಲ, ಆದರೆ ಸ್ಪೀಕರ್ ಇದ್ದಾರೆ. ತಮ್ಮ ಪಕ್ಷದ ಬಹುಪಾಲು ಸದಸ್ಯರು ಒಪ್ಪದ ಮಸೂದೆಯನ್ನು, ಇಡೀ ಸದನದ ಬಹುಮತ ಅದಕ್ಕಿದ್ದರೂ, ಮತಕ್ಕೆ ತರದಿರುವುದು ಹಲವು ಸ್ಪೀಕರುಗಳ ರೂಢಿ. ಇದು ಒಂದೇ ಪಕ್ಷದ ಚಾಳಿಯಲ್ಲ, ದೂರದ ಊರಿನವರ ಚಾಳಿಯೂ ಅಲ್ಲ. 2022ರ ಜುಲೈನಲ್ಲಿ ರಾಷ್ಟ್ರವ್ಯಾಪಿ ಖಾಸಗಿ ಮಾಹಿತಿ ರಕ್ಷಣೆಯ ಮಸೂದೆ ಪ್ರತಿನಿಧಿ ಸಭೆಯ ಸಮಿತಿಯಲ್ಲಿ 53–2 ಮತಗಳಿಂದ ಗೆದ್ದಿತು. ಅದು ಕ್ಯಾಲಿಫೋರ್ನಿಯಾದ ಸ್ವಂತ ಕಾಯ್ದೆಯ ಬಲ ಕುಗ್ಗಿಸುತ್ತದೆ ಎಂದು ಆಗ ಸ್ಪೀಕರ್ ಆಗಿದ್ದ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾನ್ಸಿ ಪೆಲೋಸಿ ಆತಂಕ ವ್ಯಕ್ತಪಡಿಸಿದರು. ಮಸೂದೆ ಸದನಕ್ಕೆ ಬರಲೇ ಇಲ್ಲ. 2024ರ ಜುಲೈ 30ರಂದು ಮಕ್ಕಳ ಆನ್‌ಲೈನ್ ಸುರಕ್ಷತೆಯ ಮಸೂದೆಗೆ ಸೆನೆಟ್‌ನಲ್ಲಿ 91–3ರ ಬೆಂಬಲ. ರಿಪಬ್ಲಿಕನ್ ನೇತೃತ್ವದ ಪ್ರತಿನಿಧಿ ಸಭೆ ಅದನ್ನು ಮತಕ್ಕೆ ಹಾಕಲಿಲ್ಲ. ಜಗತ್ತಿನ ಮಾಹಿತಿಯೆಲ್ಲ ಹಾದುಹೋಗುವ ಕಂಪನಿಗಳು ಈ ಕೊಲ್ಲಿಯ ಸುತ್ತಲೇ ಇವೆ. ಅವುಗಳ ಹೊಣೆಯನ್ನು ಇಂದಿಗೂ ನಿರ್ಧರಿಸುತ್ತಿರುವುದು 1996ರ ಒಂದು ಕಲಮು, ಮಕ್ಕಳ ವಿಷಯದಲ್ಲಿ 1998ರ ಒಂದು ಕಾಯ್ದೆ.

ಇವೆಲ್ಲ ನಿಯಮದ ಮಾತಾಯಿತು. ಹಳೆಯ ಕಾಂಗ್ರೆಸ್ಸುಗಳಿಗೂ ಬಹುಪಾಲು ಇವೇ ನಿಯಮಗಳಿದ್ದವಲ್ಲ, ಅವು ಹೇಗೆ ಕೆಲಸ ಮಾಡಿದವು? ಬರ್ಕ್ಲಿಯಲ್ಲಿ ಪಾಠ ಹೇಳುತ್ತಿದ್ದ ನೆಲ್ಸನ್ ಪೋಲ್ಸ್‌ಬಿ ಇದಕ್ಕೊಂದು ಸ್ವಾರಸ್ಯದ ಉತ್ತರ ಕೊಟ್ಟರು. ಏರ್ ಕಂಡಿಷನಿಂಗ್ ಬಂದದ್ದರಿಂದ ಉತ್ತರದ ರಿಪಬ್ಲಿಕನ್ನರು ಸೆಕೆಯ ದಕ್ಷಿಣಕ್ಕೆ ಹೋಗಿ ನೆಲೆಸಿದರು. ಅಲ್ಲಿನ ಸಂಪ್ರದಾಯವಾದಿ ಡೆಮಾಕ್ರಟರ ಸ್ಥಾನಗಳು ಒಂದೊಂದಾಗಿ ರಿಪಬ್ಲಿಕನ್ನರಿಗೆ ಹೋದವು. ಎರಡು ಪಕ್ಷಗಳ ಒಳಗೂ ಇದ್ದ ನಡುವಿನ ಜನ ಕರಗಿದರು. 1965ರಲ್ಲಿ ವಲಸೆ ಕಾಯ್ದೆ ಬದಲಾದಾಗ ಎರಡೂ ಪಕ್ಷಗಳವರು ಎರಡೂ ಬದಿಯಲ್ಲಿದ್ದರು. ಈಗ ಹಾಗಿಲ್ಲ. ಇದಕ್ಕೆ ಫ್ರಾನ್ಸಿಸ್ ಲೀ ಎಂಬ ವಿದುಷಿ ಸೇರಿಸಿರುವ ಮಾತು ಮುಖ್ಯವಾದದ್ದು: 1980ರ ನಂತರ ಯಾವ ಪಕ್ಷಕ್ಕೂ ತನ್ನ ಬಹುಮತ ಶಾಶ್ವತವೆಂಬ ಭರವಸೆ ಇಲ್ಲ. ಮುಂದಿನ ಚುನಾವಣೆಯಲ್ಲಿ ಗೆಲ್ಲಬಹುದೆಂಬ ಪಕ್ಷ ಇಂದು ಎದುರಾಳಿಗೆ ಸಾಧನೆಯೊಂದನ್ನು ಕೈಗಿಡುವುದಿಲ್ಲ. 2023ರಲ್ಲಿ ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು 15 ಸುತ್ತು ಮತದಾನ ಬೇಕಾಯಿತು. ಅದೇ ವರ್ಷದ ಅಕ್ಟೋಬರ್ 3ರಂದು ಅವರನ್ನು ಇಳಿಸಿದ್ದೂ ಅವರ ಪಕ್ಷದ ಎಂಟು ಮಂದಿ ಮತ್ತು ಒಟ್ಟಾಗಿ ನಿಂತ ಪ್ರತಿಪಕ್ಷ.

ಕಾಯ್ದೆಯಾಗದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆಯೆ? ಇಲ್ಲ, ಬೇರೆಯವರು ತುಂಬುತ್ತಾರೆ. ಎಚ್-1ಬಿ ಉದ್ಯೋಗಿಗಳ ಸಂಗಾತಿಗಳಾಗಿ ಎಚ್-4 ವೀಸಾದಲ್ಲಿರುವ ಕೆಲವರಿಗೆ ಕೆಲಸದ ಪರವಾನಗಿ ಸಿಕ್ಕಿದ್ದು 2015ರಲ್ಲಿ, ಒಂದು ಇಲಾಖೆಯ ನಿಯಮದಿಂದ. ಅದು ವರ್ಷಗಟ್ಟಲೆ ಕೋರ್ಟಿನಲ್ಲಿ ತೂಗಿತು, ಅದರೊಂದಿಗೆ ಬೇ ಏರಿಯಾದ ಸಾವಿರಾರು ಹೆಣ್ಣುಮಕ್ಕಳ ಉದ್ಯೋಗವೂ ತೂಗಿತು. ಮಕ್ಕಳಾಗಿ ಬಂದ, ದಾಖಲೆಯಿಲ್ಲದ ವಲಸಿಗರನ್ನು ಗಡೀಪಾರಿನಿಂದ ಕಾಯುವ 2012ರ ಡಾಕಾ ಯೋಜನೆಯೂ ಅಧ್ಯಕ್ಷರ ಆಡಳಿತದ ತೀರ್ಮಾನ. ಮುಂದಿನ ಅಧ್ಯಕ್ಷರು ರದ್ದು ಮಾಡಹೊರಟಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ದಾವೆ ಹೂಡಿ 2020ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–4ರಿಂದ ಉಳಿಸಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಎಂದು ಗೊತ್ತುಮಾಡಿದ್ದು ಒಂದು ಘೋಷಣಾಪತ್ರ. ಇನ್ನು ಕಾಯ್ದೆಯ ಅಸ್ಪಷ್ಟತೆಯನ್ನು ಇಲಾಖೆಗಳು ಅರ್ಥೈಸಿದರೆ ಕೋರ್ಟುಗಳು ಮನ್ನಿಸುವ ನಲವತ್ತು ವರ್ಷದ ಪದ್ಧತಿ, ಬೇ ಏರಿಯಾದಲ್ಲೇ ಬೆಳೆದ ಷೆವ್ರಾನ್ ಕಂಪನಿಯ 1984ರ ಮೊಕದ್ದಮೆಯಿಂದ ಬಂದದ್ದು, 2024ರ ಜೂನ್ 28ರಂದು ರದ್ದಾಯಿತು. ಸಂಸತ್ತು ಸುಮ್ಮನಿದ್ದಷ್ಟೂ ಅಧ್ಯಕ್ಷರ ಲೇಖನಿ, ನ್ಯಾಯಾಧೀಶರ ತೀರ್ಪು ಮತ್ತು ಸ್ಯಾಕ್ರಮೆಂಟೊದ ರಾಜ್ಯ ಶಾಸನಸಭೆ ಬಲವಾಗುತ್ತವೆ.

ಹಾಗಾದರೆ ವೇಗವೇ ಮದ್ದೆ? ತವರಿನ ಸಂಸತ್ತನ್ನು ನೋಡಿದವರು ಹಾಗೆನ್ನಲಾರರು. ಪಿಆರ್‌ಎಸ್ ಸಂಸ್ಥೆಯ ಅಧ್ಯಯನದ ಪ್ರಕಾರ 17ನೇ ಲೋಕಸಭೆಯ ಅವಧಿಯಲ್ಲಿ ಹಣಕಾಸಿನವನ್ನು ಬಿಟ್ಟು 179 ಮಸೂದೆಗಳು ಅಂಗೀಕಾರವಾದವು. ಶೇಕಡಾ 58ರಷ್ಟು ಮಂಡನೆಯಾದ ಎರಡೇ ವಾರದಲ್ಲಿ. ಮೂರರಲ್ಲೊಂದಕ್ಕಿಂತ ಹೆಚ್ಚು ಮಸೂದೆಗಳಿಗೆ ಲೋಕಸಭೆಯಲ್ಲಿ ಒಂದು ಗಂಟೆಯ ಚರ್ಚೆಯೂ ಸಿಗಲಿಲ್ಲ. 15ನೇ ಲೋಕಸಭೆಯಲ್ಲಿ ಶೇಕಡಾ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ರಲ್ಲಿ ಶೇಕಡಾ 16. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿದ ಸದಸ್ಯ ಸ್ಥಾನವನ್ನೇ ಕಳೆದುಕೊಳ್ಳಬಹುದು, ಅಮೆರಿಕದಲ್ಲಿ ಹಾಗಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅವಸರದಿಂದ ಬಂದ ಕೃಷಿ ಕಾಯ್ದೆಗಳನ್ನು 2021ರ ನವೆಂಬರ್ 29ರಂದು ಎರಡೂ ಸದನಗಳು ಒಂದೇ ದಿನ ಚರ್ಚೆಯಿಲ್ಲದೆ ಹಿಂಪಡೆದವು.

ಅದೇ ಸಂಸತ್ತು ತನಗೆ ಬೇಡವಾದುದನ್ನು ಎಷ್ಟು ಕಾಲ ಕಾಯಿಸಬಲ್ಲುದು ಎಂಬುದಕ್ಕೂ ಕನ್ನಡಿಗರಿಗೆ ಪರಿಚಿತ ಉದಾಹರಣೆ ಇದೆ. ಮಹಿಳಾ ಮೀಸಲಾತಿ ಮಸೂದೆಯನ್ನು 1996ರ ಸೆಪ್ಟೆಂಬರ್ 12ರಂದು ಲೋಕಸಭೆಯಲ್ಲಿ ಮಂಡಿಸಿದ್ದು ಎಚ್.ಡಿ. ದೇವೇಗೌಡರ ಸರ್ಕಾರ. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ಬಿದ್ದುಹೋಯಿತು. 2023ರ ಸೆಪ್ಟೆಂಬರಿನಲ್ಲಿ ಮತಕ್ಕೆ ಬಂದಾಗ ಲೋಕಸಭೆಯಲ್ಲಿ ಅದರ ವಿರುದ್ಧ ಬಿದ್ದವು ಎರಡೇ ಮತ. 27 ವರ್ಷ ತಡೆದದ್ದು ಹಾಗಾದರೆ ಯಾರು? ಮತಕ್ಕೆ ಹಾಕದೆ ಹೋದುದರಿಂದ ಯಾರೂ ಹೊಣೆ ಹೊರಬೇಕಾಗಲಿಲ್ಲ.

ಸಭಿಕರೇ, ಈ ಉಪನ್ಯಾಸದ ವಾದ ಇರುವುದು ಇಲ್ಲೇ. ಸಂಸತ್ತು ಕಡಿಮೆ ಕಾಯ್ದೆ ಮಾಡುವುದು ತಾನಾಗಿ ದೋಷವಲ್ಲ. ನಿಧಾನಕ್ಕೆ ಒಂದು ಘನತೆ ಇದೆ. ಅಲ್ಪಸಂಖ್ಯಾತರಿಗೆ, ಸಣ್ಣ ರಾಜ್ಯಗಳಿಗೆ ಅದು ರಕ್ಷೆಯೂ ಹೌದು. ಪ್ರಶ್ನೆಗೆ ಇಲ್ಲ ಎಂದಾದರೂ ಉತ್ತರ ಕೊಡದಿರುವುದು ದೋಷ. ಇಲ್ಲ ಎಂದ ಸದಸ್ಯನ ಹೆಸರು ದಾಖಲೆಯಲ್ಲಿರುತ್ತದೆ, ಮತದಾರ ಅವನನ್ನು ಕೇಳಬಹುದು. ಬಿದ್ದುಹೋದ ಮಸೂದೆಗೆ ಕೇಳಲು ಯಾರೂ ಸಿಗುವುದಿಲ್ಲ.

ಕಾಯುವಿಕೆಯ ಬೆಲೆ ತೆತ್ತವರು ಇಂದಿನವರು ಮಾತ್ರವಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಸಲ್ಲದು ಎಂದಿತು. ಕಾಂಗ್ರೆಸ್ ಅದನ್ನು ಬದಲಿಸಿದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರೇ ವಲಸಿಗರು ಎಂಬ ಮಿತಿಯೊಂದಿಗೆ. ಬರ್ಕ್ಲಿಯಲ್ಲಿ ಗಣಿತದ ಡಾಕ್ಟರೇಟ್ ಪಡೆದ ದಲೀಪ್ ಸಿಂಗ್ ಸೌಂದ್ ಅವರು ಆ ಕಾಯ್ದೆಯ ನಂತರವೇ ಪೌರರಾಗಿ, 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದವರು. ಇಂದು ಪ್ರತಿನಿಧಿ ಸಭೆಯಲ್ಲಿ ಭಾರತೀಯ ಮೂಲದ ಆರು ಮಂದಿ ಇದ್ದಾರೆ. ಡೆಟ್ರಾಯಿಟ್‌ನ ಶ್ರೀ ಥಾನೇದಾರ್ ಬೆಳಗಾವಿಯಲ್ಲಿ ಬೆಳೆದವರು. ಇದು ಸಂತೋಷದ ಸಂಗತಿ. ಆದರೆ ಮೇಲೆ ಹೇಳಿದ ಬಾಗಿಲುಗಳನ್ನು ಆರು ಜನ ತೆರೆಯಲಾರರು.

218 ಜನ ತೆರೆಯಬಲ್ಲರು. ಸ್ಪೀಕರ್ ಮುಚ್ಚಿಟ್ಟ ಮಸೂದೆಯನ್ನು ಸದನದ ಬಹುಮತದ ಸಹಿಯಿಂದ ಹೊರಗೆಳೆಯುವ ಡಿಸ್ಚಾರ್ಜ್ ಅರ್ಜಿ ಎಂಬ ಅಪರೂಪದ ಹತಾರವೊಂದಿದೆ. ಜೆಫ್ರಿ ಎಪ್‌ಸ್ಟೀನ್ ಪ್ರಕರಣದ ಕಡತಗಳನ್ನು ಬಹಿರಂಗಪಡಿಸುವ ಮಸೂದೆಯನ್ನು ಮಂಡಿಸಿದವರು ಸನ್ನಿವೇಲ್, ಕ್ಯೂಪರ್ಟಿನೊಗಳನ್ನು ಪ್ರತಿನಿಧಿಸುವ ಡೆಮಾಕ್ರಟ್ ರೋ ಖನ್ನಾ. ಜೊತೆಗೂಡಿದವರು ಕೆಂಟಕಿಯ ರಿಪಬ್ಲಿಕನ್ ಥಾಮಸ್ ಮ್ಯಾಸಿ. ಸದನದ ನಾಯಕತ್ವ ತಿಂಗಳುಗಟ್ಟಲೆ ಅಡ್ಡ ನಿಂತಿತ್ತು. 2025ರ ನವೆಂಬರ್ 12ರಂದು 218ನೆಯ ಸಹಿ ಬಿತ್ತು. 18ರಂದು ಮತಕ್ಕೆ ಬಂದಾಗ ಪರವಾಗಿ 427, ವಿರುದ್ಧ 1. ಮರುದಿನವೇ ಅಧ್ಯಕ್ಷರ ಸಹಿಯಾಯಿತು.

119ನೇ ಕಾಂಗ್ರೆಸ್ಸಿನ ಅವಧಿ 2027ರ ಜನವರಿ 3ರಂದು ಮುಗಿಯುತ್ತದೆ. ಅಂದು ಬಾಕಿ ಇರುವ ಪ್ರತಿ ಮಸೂದೆಯೂ ಬಿದ್ದುಹೋಗುತ್ತದೆ. ಅದಕ್ಕೂ ಮೊದಲು, 2026ರ ನವೆಂಬರ್ 3ರಂದು ಚುನಾವಣೆ. ಸಾಲಿನಲ್ಲಿ ನಿಂತವರಿಗೆ ಮತವಿಲ್ಲ, ಪೌರತ್ವ ಪಡೆದ ಕನ್ನಡಿಗರಿಗೆ ಇದೆ. ಮತ ಕೇಳಲು ಬರುವ ಅಭ್ಯರ್ಥಿಗಳು ಮಸೂದೆಗೆ ಬೆಂಬಲವಿದೆ ಎಂದು ಹೇಳಿಯೇ ಹೇಳುತ್ತಾರೆ. ಅಷ್ಟಕ್ಕೆ ಅವರನ್ನು ಬಿಡಬಾರದು. ಅದು ಯಾವ ಸಮಿತಿಯಲ್ಲಿದೆ, ಎಂದು ಮತಕ್ಕೆ ಬರುತ್ತದೆ, ನಾಯಕತ್ವ ತಡೆದರೆ ಡಿಸ್ಚಾರ್ಜ್ ಅರ್ಜಿಗೆ ನೀವು ಸಹಿ ಹಾಕುತ್ತೀರೋ ಇಲ್ಲವೋ ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಬೇಕೆಂದು ಈ ಸಭೆಯಲ್ಲಿರುವ ಮತದಾರರಲ್ಲಿ ವಿನಂತಿ.